ಎಲೆ ಚಿತ್ರ ಆಮೇಲೆ, ಮೊದಲು ಟೇಪ್ ತನ್ನಿ

ತಮಿಳುನಾಡಿನ ಹೊಸೂರಿನ ಸಿಪ್ಕಾಟ್ ಕೈಗಾರಿಕಾ ಪ್ರದೇಶದಲ್ಲಿ ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆಗಳಿಗೆ ಸಲಹೆ ಕೊಡುವುದು ನನ್ನ ಕೆಲಸ. ಗಡಿಯ ಜೂಜುವಾಡಿ ದಾಟಿ ಬರುವ ಗಿರಾಕಿಗಳೆಲ್ಲ ಈಗೀಗ ಒಂದೇ ಮಾತು ಹೇಳುತ್ತಾರೆ: "ನಮ್ಮ ಬಾಕ್ಸ್ ಇಕೋ ಫ್ರೆಂಡ್ಲಿ ಆಗಬೇಕು ಸಾರ್." ಹೋದ ತಿಂಗಳು ಬಂದ ಖರೀದಿ ವಿಭಾಗದ ಹುಡುಗ ಡ್ರಾಯಿಂಗ್ ಜತೆಗೆ ಒಂದು ಹಸಿರು ಎಲೆಯ ಚಿತ್ರವನ್ನೂ ತಂದಿದ್ದ. ಅದು ಪೆಟ್ಟಿಗೆ ಮೇಲೆ ಎದ್ದು ಕಾಣಬೇಕಂತೆ.

ಎಲೆಯನ್ನು ಪಕ್ಕಕ್ಕಿಟ್ಟು ಅಳತೆ ಟೇಪ್ ತರಿಸಿದೆ. ಪೆಟ್ಟಿಗೆ 60 ಸೆಂ.ಮೀ. ಉದ್ದ, 40 ಅಗಲ, 40 ಎತ್ತರ. ಒಳಗಿನ ಮಾಲು ಮುಗಿಯುವುದು 35ಕ್ಕೇ. ಉಳಿದ ಜಾಗಕ್ಕೆ ಥರ್ಮೋಕೋಲ್ ತುರುಕುತ್ತಿದ್ದರು. ಯಾಕಪ್ಪಾ ಅಂದರೆ, "ಮೊದಲಿಂದ ಹಾಗೇ ಇದೆ ಸಾರ್."

ಲೆಕ್ಕ ಕಷ್ಟದ್ದೇನಲ್ಲ. ಈ ಪೆಟ್ಟಿಗೆಗೆ ಬೇಕಾದ ಹಾಳೆಯ ಉದ್ದ ಸುಮಾರು 204 ಸೆಂ.ಮೀ., ನಾಲ್ಕು ಬದಿ ಸುತ್ತಲು 200, ಅಂಟಿಸುವ ಅಂಚಿಗೆ 4. ಹಾಳೆಯ ಅಗಲ ಅಂದರೆ ಪೆಟ್ಟಿಗೆಯ ಅಗಲ ಮತ್ತು ಎತ್ತರ ಕೂಡಿದಷ್ಟು, ಇಲ್ಲಿ 80. ಎತ್ತರ 5 ಸೆಂ.ಮೀ. ಇಳಿಸಿದರೆ ಅದು 75 ಆಗುತ್ತದೆ. ಹದಿನಾರರಲ್ಲಿ ಒಂದು ಪಾಲು ಕಾಗದ ಅಲ್ಲೇ ಉಳಿಯಿತು. ಐದು ಪ್ಲೈಗೂ, ಅಂದರೆ ಐದು ಪದರಕ್ಕೂ, 150 ಜಿಎಸ್‌ಎಂ (ಚದರ ಮೀಟರಿಗೆ 150 ಗ್ರಾಂ) ಪೇಪರ್ ಅಂತ ಇಟ್ಟುಕೊಳ್ಳಿ. ಅದರಲ್ಲಿ ಅಲೆಯಲೆಯಾಗಿ ಮಡಿಯುವ ಎರಡು ಪದರಕ್ಕೆ, ಅಂದರೆ ಫ್ಲೂಟಿಗೆ, ಸುಮಾರು 1.4 ಪಟ್ಟು ಪೇಪರ್ ಹೋಗುತ್ತದೆ. ಎಲ್ಲ ಕೂಡಿದರೆ ಒಂದು ಪೆಟ್ಟಿಗೆಗೆ 90 ಗ್ರಾಂ ಹತ್ತಿರ ಉಳಿತಾಯ. ತಿಂಗಳಿಗೆ 10,000 ಪೆಟ್ಟಿಗೆ ಅಂದರೆ 900 ಕಿಲೋ. ಥರ್ಮೋಕೋಲ್ ಬೇಕಾಗಿಲ್ಲ, ಲಾರಿಯಲ್ಲಿ ಜಾಗವೂ ಸಿಕ್ಕಿತು. ಹೊಸ ಮಷೀನಿಗೆ ಒಂದು ಪೈಸೆ ಹಾಕಿಲ್ಲ.

ಎರಡನೇ ಜಗಳ ಜಿಎಸ್‌ಎಂದು. "ದಪ್ಪ ಪೇಪರ್ ಹಾಕಿ, ಬಿಎಫ್ ಜಾಸ್ತಿ ಇರಲಿ" ಅಂತ ಆರ್ಡರ್‌ನಲ್ಲಿ ಬರೆದೇ ಇರುತ್ತದೆ. ಬಿಎಫ್ (ಬರ್ಸ್ಟ್ ಫ್ಯಾಕ್ಟರ್) ಹೇಳುವುದು ಕಾಗದ ತನ್ನ ತೂಕಕ್ಕೆ ಹೋಲಿಸಿದರೆ ಎಷ್ಟು ಒತ್ತಡಕ್ಕೆ ಒಡೆಯುತ್ತದೆ ಅಂತ. ಗೋಡೌನ್‌ನಲ್ಲಿ ಪೆಟ್ಟಿಗೆ ಒಡೆದು ಹೋಗುವುದಿಲ್ಲ, ಮೇಲಿನ ಭಾರಕ್ಕೆ ಕುಸಿಯುತ್ತದೆ. ಅದನ್ನು ತಡೆಯುವುದು ಹಾಳೆಯ ಅಂಚಿನ ಗಟ್ಟಿತನ, ಹಾಳೆಯ ದಪ್ಪ ಮತ್ತು ಪೆಟ್ಟಿಗೆಯ ಸುತ್ತಳತೆ. 1963ರಲ್ಲೇ ಅಮೆರಿಕದ ಸಂಶೋಧಕ ಮೆಕ್‌ಕೀ ಮತ್ತು ಸಂಗಡಿಗರು ಇದಕ್ಕೆ ಸೂತ್ರ ಕೊಟ್ಟಿದ್ದಾರೆ. ಆದರೂ ನಮ್ಮಲ್ಲಿ ಇನ್ನೂ ತೂಕ ನೋಡಿ ಪೆಟ್ಟಿಗೆ ಕೊಳ್ಳುವವರೇ ಜಾಸ್ತಿ. ಮದುವೆಗೆ ಚಿನ್ನ ಕೊಂಡ ಹಾಗೆ. ಎಷ್ಟು ಭಾರ ಹೊರಬೇಕು ಅಂತ ಬರೆದುಕೊಡಿ, ಕಾಗದದ ಚಿಂತೆ ನಮಗೆ ಬಿಡಿ ಅನ್ನುತ್ತೇನೆ. ಹಳೆ ಪೆಟ್ಟಿಗೆ ಅರೆದು ಮಾಡಿದ ಕ್ರಾಫ್ಟ್ (ಕಂದು) ಪೇಪರ್‌ನಲ್ಲಿ ನಾರು ಸುತ್ತು ಸುತ್ತಿಗೂ ಗಿಡ್ಡವಾಗುತ್ತದೆ. ಹಾಗಾಗಿ ಒಂದು ಪದರಕ್ಕೆ ಒಳ್ಳೆ ನಾರಿನ ಪೇಪರ್ ಹಾಕಿದರೆ ಒಟ್ಟು ತೂಕ ಇಳಿಯುವುದೂ ಉಂಟು.

ಇಳಿಸುವ ಹುಮ್ಮಸ್ಸಿನಲ್ಲಿ ನಾನೂ ಒಮ್ಮೆ ಎಡವಿದ್ದೇನೆ. ಏಪ್ರಿಲ್‌ನಲ್ಲಿ ಹೊಸೂರಿನ ಒಣ ಹವೆಯಲ್ಲಿ ಒತ್ತಿ ನೋಡಿ, ಸಾಕು ಅಂತ ಸಹಿ ಹಾಕಿಬಿಟ್ಟೆ. ಮಾಲು ಹೋಗಿ ಕೂತಿದ್ದು ಮಂಗಳೂರಿನ ಗೋಡೌನ್‌ನಲ್ಲಿ, ಜುಲೈ ಮಳೆಯಲ್ಲಿ. ಕಾಗದ ಗಾಳಿಯ ತೇವ ಕುಡಿಯುತ್ತದೆ. ಗಾಳಿಯ ತೇವಾಂಶ 50 ಶೇಕಡಾದಿಂದ 90ಕ್ಕೆ ಏರಿದರೆ ಪೆಟ್ಟಿಗೆಯ ಬಲ ಹತ್ತಿರಹತ್ತಿರ ಅರ್ಧಕ್ಕೆ ಇಳಿಯುತ್ತದೆ. ಇದನ್ನು ಓದಿದ್ದೆ, ಲೆಕ್ಕಕ್ಕೆ ಹಿಡಿಯಲಿಲ್ಲ. ಕೆಳಗಿನ ಸಾಲು ಪೂರ್ತಿ ಕೂತುಬಿಟ್ಟಿತು. ಮಾಲು ವಾಪಸ್ ಬಂತು, ಹೊಸ ಪೆಟ್ಟಿಗೆ, ಇನ್ನೊಂದು ಲಾರಿ. ಮೂರು ತಿಂಗಳು ಉಳಿಸಿದ ಕಾಗದ ಒಂದೇ ವಾರದಲ್ಲಿ ಹೋಯಿತು. ಪೆಟ್ಟಿಗೆಯೊಳಗಿದ್ದು ಒಡೆದ ಪ್ಲಾಸ್ಟಿಕ್ ಭಾಗಗಳನ್ನು ಮಾಡಲು ಹೋದ ಕರೆಂಟಿನ ಮುಂದೆ ರಟ್ಟಿನದು ಯಾವ ಲೆಕ್ಕ? ಈಗ ಮೊದಲು ಕೇಳುವುದೇ ಮಾಲು ಎಲ್ಲಿಗೆ, ಯಾವ ತಿಂಗಳು ಅಂತ.

ಆ ಗೋಡೌನ್‌ಗೆ ಹೋದಾಗ ಇನ್ನೊಂದು ಕಂಡೆ. ಪೆಟ್ಟಿಗೆಗಳನ್ನು ಇಟ್ಟಿಗೆ ಗೋಡೆಯ ಥರ ಎಡಬಲ ಜರುಗಿಸಿ ಪೇರಿಸಿದ್ದರು. "ಹೀಗಿಟ್ರೆ ಬೀಳಲ್ಲ ಸಾರ್" ಅಂದ ಅಲ್ಲಿನ ಮೇಸ್ತ್ರಿ. ಬೀಳಲ್ಲ, ನಿಜ. ಆದರೆ ಪೆಟ್ಟಿಗೆಯ ಬಲ ಹೆಚ್ಚಾಗಿ ಇರುವುದು ನಾಲ್ಕು ಮೂಲೆಯಲ್ಲಿ. ಮೂಲೆ ಮೇಲೆ ಮೂಲೆ ಕೂರದಿದ್ದರೆ ಅರ್ಧ ಬಲ ದಂಡ. ಆ ಅರ್ಧವನ್ನು ತುಂಬಲು ನಾವು ಇಲ್ಲಿ ದಪ್ಪ ಪೇಪರ್ ಹಾಕುತ್ತಾ ಕೂತಿರುತ್ತೇವೆ. ಕೆಳಗೆಲ್ಲ ನೇರ ಕಂಬದ ಹಾಗೆ ಇಟ್ಟು, ಮೇಲಿನ ಒಂದು ಸಾಲು ಮಾತ್ರ ಅಡ್ಡಡ್ಡ ಇಡಿ ಅಂದೆ. ಮೇಸ್ತ್ರಿ ಎರಡು ದಿನ ಗೊಣಗಿದ, ಆಮೇಲೆ ಒಪ್ಪಿದ.

ಕಾರ್ಖಾನೆ ಒಳಗೆ ನನ್ನ ಕಣ್ಣು ಬಾಯ್ಲರ್ ಮೇಲೆ. ಹಾಳೆ ಅಂಟಿಸುವ ಗಮ್ ಎಂದರೆ ಗಂಜಿಯೇ, ಮೆಕ್ಕೆಜೋಳದ್ದೋ ಮರಗೆಣಸಿನದ್ದೋ. ಬಿಸಿ ತಾಗಿದರೇ ಅದು ಹಿಡಿಯುವುದು, ಆಮೇಲೆ ಅದರ ನೀರನ್ನೆಲ್ಲ ಆರಿಸಬೇಕು. ಗಮ್ ನೀರಾಗಿದ್ದರೆ ಸುಮ್ನೆ ಅಷ್ಟು ಸೌದೆ ಹೆಚ್ಚು ಸುಟ್ಟ ಹಾಗೆ. ಹಾಳೆಯೂ ಬಾಗುತ್ತದೆ. ಹಬೆ ತಣಿದು ಆದ ಬಿಸಿನೀರನ್ನು ಎಷ್ಟೋ ಕಡೆ ಚರಂಡಿಗೆ ಬಿಡುತ್ತಾರೆ, ನೋಡಿದರೆ ಹೊಟ್ಟೆ ಉರಿಯುತ್ತದೆ. ಬಾಯ್ಲರ್‌ಗೆ ಹೋಗುವ ನೀರು 6 ಡಿಗ್ರಿ ಹೆಚ್ಚು ಬಿಸಿಯಾದರೆ ಸುಮಾರು ಶೇಕಡಾ 1ರಷ್ಟು ಇಂಧನ ಉಳಿಯುತ್ತದೆ. 30 ಡಿಗ್ರಿಯ ನೀರನ್ನು ಇದೇ ಬಿಸಿಯಿಂದ 60ಕ್ಕೆ ತಂದರೆ ಶೇಕಡಾ 5. ಒಂದು ಪೈಪು, ಒಂದು ಪಂಪು ಸಾಕು.

ಪ್ರಿಂಟಿಂಗ್‌ನಲ್ಲಿ ಮಾಡುವುದು ಸ್ವಲ್ಪವೇ. ದಿನದ ಆರ್ಡರ್‌ಗಳನ್ನು ತಿಳಿ ಬಣ್ಣದಿಂದ ಕಡು ಬಣ್ಣಕ್ಕೆ ಜೋಡಿಸಿಕೊಂಡರೆ ಮಷೀನ್ ತೊಳೆಯುವುದು ಕಡಿಮೆ. ಬಣ್ಣದ ನೀರೂ ಕಡಿಮೆ.

ಈ ಮಾತೆಲ್ಲ ಮುಗಿದರೂ ಆ ಹುಡುಗ ಎಲೆ ಬಿಡಲಿಲ್ಲ. ಎತ್ತರ 35ಕ್ಕೆ ಇಳಿಸಲು ಒಪ್ಪಿದ, ಥರ್ಮೋಕೋಲ್ ಬಿಡಲೂ ಒಪ್ಪಿದ, ಎಲೆ ಮಾತ್ರ ಬೇಕೇ ಬೇಕಂತೆ, ಮೇಲಿನವರು ಹೇಳಿದ್ದಾರಂತೆ. ಉಳಿದ ಅಕ್ಷರವೆಲ್ಲ ಕಪ್ಪು. ಈ ಒಂದು ಎಲೆಗಾಗಿ ಹಸಿರು ಬಣ್ಣ, ಇನ್ನೊಂದು ಪ್ಲೇಟು, ಇನ್ನೊಂದು ಸಲ ತೊಳೆಯುವುದು. ಅರ್ಧ ಗಂಟೆ ಜಗ್ಗಾಡಿದೆವು. ಕೊನೆಗೆ ಎಲೆ ಉಳಿಯಿತು, ಕಪ್ಪು ಬಣ್ಣದಲ್ಲಿ.