ಗಂಜಿಯಲ್ಲಿ ಅಕ್ಕಿ ಎಷ್ಟು? ಕಾರ್ಮಿಕರ ಆಹಾರ ಸಮೀಕ್ಷೆಯ ಟಿಪ್ಪಣಿ

ಇದು 24 ಗಂಟೆಗಳ ಆಹಾರ ಸಮೀಕ್ಷೆಯ ಪಾಠ. ಕುಮಟಾ, ಹೊನ್ನಾವರದ ಕಡೆ ಗೇರುಬೀಜ ಕಾರ್ಖಾನೆಗೆ ಹೋಗುವ ಹೆಂಗಸರ ಊಟವನ್ನು ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ಚಪಾತಿಯ ಲೆಕ್ಕ ಸುಲಭ, ಎಣಿಸಿದರೆ ಮುಗಿಯಿತು. ನಮ್ಮ ಕರಾವಳಿಯ ಗಂಜಿಯನ್ನು ಎಣಿಸಲಾಗದು.

ಹಿಂದಿನ ದಿನ ತಿಂದದ್ದನ್ನು ಕೇಳಿ, ಅವರದೇ ಮನೆಯ ಸೌಟು, ಲೋಟಗಳಿಂದ ಅಳೆದು ಬರೆದುಕೊಳ್ಳಬೇಕು. ಆಮೇಲೆ ಬೆಂದ ಆಹಾರವನ್ನು ಬೇಯಿಸದ ಪದಾರ್ಥದ ತೂಕಕ್ಕೆ ತಿರುಗಿಸಬೇಕು. ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿದ್ದು ಈ ತಿರುಗಿಸುವ ಹಂತವೇ.

ಸೂತ್ರ: ಆಕೆ ಉಂಡದ್ದರ ತೂಕ ÷ ಇಡೀ ಅಡುಗೆಯ ತೂಕ × ಒಲೆಗೆ ಹಾಕಿದ ಅಕ್ಕಿಯ ತೂಕ.

600 ಗ್ರಾಂ ಕುಚ್ಚಲಕ್ಕಿ ಹಾಕಿದ ಗಂಜಿ ಒಟ್ಟು 3000 ಗ್ರಾಂ ಆಯಿತೆನ್ನಿ. ಆಕೆ ಉಂಡದ್ದು 500 ಗ್ರಾಂ. ಅಂದರೆ ಹೊಟ್ಟೆಗೆ ಹೋದ ಅಕ್ಕಿ 100 ಗ್ರಾಂ, ಶಕ್ತಿ ಸುಮಾರು 350 ಕಿಲೋಕ್ಯಾಲೊರಿ. ಅದೇ 500 ಗ್ರಾಂ ಅನ್ನು ಗಟ್ಟಿ ಅನ್ನವೆಂದು ಬರೆದುಕೊಂಡು, ಅಕ್ಕಿ ಬೆಂದಾಗ ಎರಡೂವರೆ ಪಟ್ಟಾಗುತ್ತದೆ ಎಂದು ಲೆಕ್ಕ ಹಾಕಿದರೆ 200 ಗ್ರಾಂ ಅಕ್ಕಿ, 700 ಕಿಲೋಕ್ಯಾಲೊರಿ ಬರುತ್ತದೆ. ಆಕೆ ಅರೆಹೊಟ್ಟೆಯಲ್ಲಿದ್ದರೂ ಕಾಗದದ ಮೇಲೆ ಹೊಟ್ಟೆ ತುಂಬಿರುತ್ತದೆ. ಆದ್ದರಿಂದ ಪಾತ್ರೆಗೆ ಹಾಕಿದ ಅಕ್ಕಿ ಎಷ್ಟು ಸಿದ್ದೆ (ಅಕ್ಕಿ ಅಳೆಯುವ ಮನೆಯ ಅಳತೆ ಪಾತ್ರೆ) ಎಂದು ಕೇಳದೆ ಮುಂದೆ ಹೋಗಬೇಡಿ. ಆ ಸಿದ್ದೆಯನ್ನೂ ತೂಗಿ ನೋಡಿ, ಮನೆಯಿಂದ ಮನೆಗೆ ಅದರ ಅಳತೆ ಬದಲಾಗುತ್ತದೆ.

ಇನ್ನೊಂದು ಸಂಗತಿ ನನಗೆ ಇದಕ್ಕಿಂತ ಮುಖ್ಯವೆನಿಸುತ್ತದೆ. ಗಂಜಿಯ ಪ್ರತಿ ಸೌಟಿನಲ್ಲೂ ಒಂದೇ ಪ್ರಮಾಣದ ಅಗುಳು ಇರುತ್ತದೆ ಎಂದು ಸೂತ್ರ ನಂಬುತ್ತದೆ. ನಿಜದಲ್ಲಿ ಅಗುಳು ತಳದಲ್ಲಿ, ತಿಳಿ ಮೇಲೆ. ಗಟ್ಟಿಯಾದದ್ದನ್ನು ಮಕ್ಕಳಿಗೂ ಗಂಡನಿಗೂ ಬಡಿಸಿ ತಿಳಿ ಕುಡಿದು ಬಸ್ಸಿಗೆ ಓಡುವವಳ ಪಾಲನ್ನು ಈ ಸೂತ್ರ ಹಿಗ್ಗಿಸಿಬಿಡುತ್ತದೆ. ಯಾರು ಮೊದಲು ಉಂಡರು, ಯಾರು ಕೊನೆಗೆ ಉಂಡರು, ತಟ್ಟೆಯಲ್ಲಿ ತಿಳಿ ಎಷ್ಟು, ಅಗುಳು ಎಷ್ಟು ಎಂದು ಬೇರೆಬೇರೆಯಾಗಿ ಕೇಳಲೇಬೇಕು. ಮನೆಯ ಸರಾಸರಿ ತೆಗೆದರೆ ಆಕೆಯ ಕೊರತೆ ಕಾಣುವುದೇ ಇಲ್ಲ.

ಹೋಲಿಸುವ ಅಂಕಿಗಳು: ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2020ರ ಪ್ರಕಾರ 55 ಕಿಲೋ ತೂಕದ ಮಹಿಳೆಗೆ ಕುಳಿತು ಮಾಡುವ ಕೆಲಸವಾದರೆ ದಿನಕ್ಕೆ 1660, ಮಧ್ಯಮ ಶ್ರಮವಾದರೆ 2130 ಕಿಲೋಕ್ಯಾಲೊರಿ. ಬೀಜದ ಸಿಪ್ಪೆ ಬಿಡಿಸುವುದು ಕುಳಿತು ಮಾಡುವ ಕೆಲಸವೇ. ಆದರೆ ನೀರು ಸೇದಿ, ಸೌದೆ ಹೊತ್ತು, ನಡೆದು ಬರುವವಳ ಇಡೀ ದಿನವನ್ನು ನೋಡಿ ನಾನು ಮಧ್ಯಮವೆಂದೇ ಹಾಕುತ್ತೇನೆ. ಆಹಾರ ಭದ್ರತಾ ಕಾಯ್ದೆಯಡಿ ಆದ್ಯತಾ ಕುಟುಂಬದ ಒಬ್ಬರಿಗೆ ತಿಂಗಳಿಗೆ ಸಿಗುವ 5 ಕಿಲೋ ಧಾನ್ಯ ದಿನಕ್ಕೆ ಸುಮಾರು 167 ಗ್ರಾಂ, ಅಂದರೆ 580 ಕಿಲೋಕ್ಯಾಲೊರಿಯ ಆಸುಪಾಸು. ಉಳಿದದ್ದು ಕೂಲಿಯ ದುಡ್ಡಿನಿಂದಲೇ ಬರಬೇಕು.

ಮೀನು: ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳಿಗೆ ನಿಷೇಧವಿರುವುದರಿಂದ ಮಳೆಗಾಲದ ಒಂದು ದಿನದ ಸಮೀಕ್ಷೆಯಿಂದ ವರ್ಷದ ಮಾತು ಹೇಳಲಾಗದು. ಒಣಮೀನನ್ನು ಹಸಿ ಬಂಗಡೆಯ ಸಾಲಿನಲ್ಲಿ ಬರೆಯಬೇಡಿ. ನೀರು ಆರಿರುವುದರಿಂದ ಅಷ್ಟೇ ತೂಕದಲ್ಲಿ ಪ್ರೋಟೀನ್ ಹೆಚ್ಚು, ಉಪ್ಪೂ ಹೆಚ್ಚು.

ಕಬ್ಬಿಣ: ಬೇಕಾದದ್ದು ಮಹಿಳೆಗೆ ದಿನಕ್ಕೆ 29, ಪುರುಷನಿಗೆ 19 ಮಿಲಿಗ್ರಾಂ. ಊಟದ ಜೊತೆಗೇ ಚಹಾ ಕುಡಿದರೆ ಅಕ್ಕಿ, ಸೊಪ್ಪಿನ ಕಬ್ಬಿಣ ಮೈಗೆ ಹತ್ತುವುದು ಕಡಿಮೆಯಾಗುತ್ತದೆ. ಹಾಗಾಗಿ ಎಷ್ಟು ಲೋಟ ಚಹಾ ಎಂಬುದರ ಪಕ್ಕದಲ್ಲಿ ಯಾವ ಹೊತ್ತಿಗೆ ಎಂಬುದನ್ನೂ ಬರೆದುಕೊಳ್ಳಿ.