ಮಕ್ಕಳ ಐಸಿಪಿ ಮಾನಿಟರಿಂಗ್: ಪರದೆಯ ಅಂಕಿ ಬರೆದುಕೊಳ್ಳುವ ಮೊದಲು

ತಲೆಬುರುಡೆಯೊಳಗಿನ ಒತ್ತಡ, ಅಂದರೆ ಐಸಿಪಿ, ದೊಡ್ಡವರಲ್ಲಿ ಸಾಮಾನ್ಯವಾಗಿ 7ರಿಂದ 15 ಮಿ.ಮೀ. ಪಾದರಸ. ಮಕ್ಕಳಲ್ಲಿ 3ರಿಂದ 7, ಎಳೆಗೂಸುಗಳಲ್ಲಿ 1.5ರಿಂದ 6. ಅಳತೆ 7 ಮಿ.ಮೀ.ನಷ್ಟು ತಪ್ಪಿದರೆ, ಪುಟ್ಟ ಮಗುವಿನಲ್ಲಿ ಆ ತಪ್ಪು ಅದರ ಸಹಜ ಒತ್ತಡದಷ್ಟೇ ದೊಡ್ಡದು. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲೋ, ಪಕ್ಕದ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಲ್ಲೋ, ನಗರದ ಬೇರೆ ಯಾವುದೇ ಮಕ್ಕಳ ಐಸಿಯುನಲ್ಲೋ ಪೋಸ್ಟಿಂಗ್ ಇರುವವರು ಔಷಧಿಗಳ ಪಟ್ಟಿಗಿಂತ ಮೊದಲು ಐಸಿಪಿ ಅಳೆಯುವ ಉಪಕರಣವನ್ನು ಕಲಿಯಬೇಕು.

ನೆತ್ತಿ ಇನ್ನೂ ಮುಚ್ಚದ ಮಗುವಿಗೆ ಒತ್ತಡ ಏರುವುದಿಲ್ಲ ಎಂದು ನಂಬಬೇಡಿ. ನಿಧಾನವಾಗಿ ಏರಿದರೆ ತಲೆಯ ಸುತ್ತಳತೆ ಹಿಗ್ಗಿ ಸ್ವಲ್ಪ ಜಾಗ ಸಿಗುತ್ತದೆ. ಪೆಟ್ಟು, ರಕ್ತಸ್ರಾವ, ಮೆನಿಂಜೈಟಿಸ್‌ಗಳಲ್ಲಿ ದಿಢೀರನೆ ಏರಿದಾಗ ಅದು ಸಾಲದು.

ಇವಿಡಿ

ಇವಿಡಿ ಎಂದರೆ ಮೆದುಳಿನ ದ್ರವವನ್ನು, ಅಂದರೆ ಸಿಎಸ್‌ಎಫ್ ಅನ್ನು, ಹೊರಗೆ ಹರಿಸುವ ಕೊಳವೆ ವ್ಯವಸ್ಥೆ. ವೆಂಟ್ರಿಕಲ್‌ಗೆ (ಮೆದುಳಿನೊಳಗಿನ ದ್ರವ ತುಂಬಿದ ಕುಹರ) ಇಳಿಸಿದ ಕ್ಯಾತಿಟರ್, ಥ್ರೀ-ವೇ (ಮೂರು ದಾರಿಯ ಬಿರಡೆ), ಒತ್ತಡವನ್ನು ವಿದ್ಯುತ್ ಸಂಕೇತವಾಗಿಸುವ ಟ್ರಾನ್ಸ್‌ಡ್ಯೂಸರ್, ಸಿಎಸ್‌ಎಫ್ ತೊಟ್ಟಿಕ್ಕುವ ಡ್ರಿಪ್ ಚೇಂಬರ್, ಅದರ ಕೆಳಗೊಂದು ಚೀಲ: ಇಷ್ಟೇ ಭಾಗಗಳು. ಸ್ವೀಡನ್ನಿನ ನಿಲ್ಸ್ ಲುಂಡ್‌ಬರ್ಗ್ 1960ರಲ್ಲಿ ವೆಂಟ್ರಿಕಲ್ ಒತ್ತಡವನ್ನು ಗಂಟೆಗಟ್ಟಲೆ ದಾಖಲಿಸಿ ತೋರಿಸಿದ್ದು ಇದೇ ತತ್ವದಿಂದ. ಒತ್ತಡ ಅಳೆಯುವುದರ ಜೊತೆಗೆ ಸಿಎಸ್‌ಎಫ್ ಹೊರಬಿಟ್ಟು ಒತ್ತಡ ಇಳಿಸಲೂ ಆಗುವುದರಿಂದ ಇದನ್ನೇ ಮಾನದಂಡವೆಂದು ಪರಿಗಣಿಸುತ್ತಾರೆ.

ಟ್ರಾನ್ಸ್‌ಡ್ಯೂಸರ್ ಇರಬೇಕಾದದ್ದು ವೆಂಟ್ರಿಕಲ್‌ಗಳನ್ನು ಜೋಡಿಸುವ ರಂಧ್ರವಾದ ಫೊರಾಮೆನ್ ಆಫ್ ಮನ್ರೋ ಎತ್ತರದಲ್ಲಿ. ಅದು ಹೊರಗೆ ಕಾಣದ ಕಾರಣ, ಮಗು ಅಂಗಾತ ಮಲಗಿದ್ದಾಗ ಕಿವಿಯ ತೂತಿನ ಮುಂದಿರುವ ಪುಟ್ಟ ಉಬ್ಬನ್ನು, ಅಂದರೆ ಟ್ರೇಗಸ್ಸನ್ನು, ಗುರುತಾಗಿ ಹಿಡಿಯುತ್ತೇವೆ. ಮಗ್ಗುಲಾಗಿದ್ದರೆ ಹುಬ್ಬುಗಳ ನಡುವೆ ಮೂಗು ಶುರುವಾಗುವ ಜಾಗ. ಕಣ್ಣಂದಾಜು ಬೇಡವೇ ಬೇಡ. ಲೇಸರ್ ಲೆವೆಲರ್ ಇಲ್ಲದಿದ್ದರೆ ಗಾರೆ ಕೆಲಸದವರ ರಸಮಟ್ಟದಂತೆ ಗಾಳಿಗುಳ್ಳೆಯಿರುವ ಲೆವೆಲ್ ಸಾಕು.

ಯಾಕಿಷ್ಟು ಕಟ್ಟುನಿಟ್ಟು? 1 ಮಿ.ಮೀ. ಪಾದರಸ 1.36 ಸೆಂ.ಮೀ. ನೀರಿಗೆ ಸಮ. ಎಕ್ಸ್‌ರೇಗೆಂದು ಮಂಚವನ್ನು 10 ಸೆಂ.ಮೀ. ಇಳಿಸಿದರು, ಟ್ರಾನ್ಸ್‌ಡ್ಯೂಸರ್ ಸ್ಟ್ಯಾಂಡಿನಲ್ಲೇ ಉಳಿಯಿತು ಎಂದಿಟ್ಟುಕೊಳ್ಳಿ. ಅದೀಗ ಟ್ರೇಗಸ್‌ಗಿಂತ ಮೇಲಿರುವುದರಿಂದ ರೀಡಿಂಗ್ 7 ಮಿ.ಮೀ.ಗೂ ಸ್ವಲ್ಪ ಹೆಚ್ಚೇ ಕಡಿಮೆ ಬರುತ್ತದೆ. ನಿಜವಾದ ಐಸಿಪಿ 25, ಪರದೆಯಲ್ಲಿ 18. ಅಲಾರಂ ಮಿತಿ 20 ಇಟ್ಟಿದ್ದರೆ ಅದು ಕೂಗುವುದೂ ಇಲ್ಲ. ಸರಾಸರಿ ರಕ್ತದೊತ್ತಡ, ಅಂದರೆ ಎಂಎಪಿ, 60 ಇದ್ದರೆ ಅದರಿಂದ ಐಸಿಪಿ ಕಳೆದು ಸಿಪಿಪಿ, ಅಂದರೆ ಮೆದುಳಿಗೆ ರಕ್ತ ಹರಿಸುವ ಒತ್ತಡ, ಲೆಕ್ಕ ಹಾಕಿ: ಪರದೆಯ ಪ್ರಕಾರ 42, ನಿಜದಲ್ಲಿ 35. ತಲೆಪೆಟ್ಟಾದ ಮಕ್ಕಳಿಗಾಗಿ ಬಂದ 2019ರ ಮಾರ್ಗಸೂಚಿ ಐಸಿಪಿ 20ರೊಳಗೆ, ಸಿಪಿಪಿ ಕನಿಷ್ಠ 40ರಿಂದ 50 ಇರಲಿ ಎನ್ನುತ್ತದೆ. ಅಂದರೆ ಚಿಕಿತ್ಸೆ ಬೇಕಾದ ಮಗು ಚಾರ್ಟಿನಲ್ಲಿ ಕ್ಷೇಮವಾಗಿ ಕಾಣುತ್ತದೆ. ಟ್ರಾನ್ಸ್‌ಡ್ಯೂಸರ್ ಕೆಳಗೆ ಜಾರಿದ್ದರೆ ಇದರ ತಿರುಗುಮುರುಗು. ಮಂಚ, ತಲೆದಿಂಬು, ಮಗುವಿನ ಭಂಗಿ, ಯಾವುದು ಬದಲಾದರೂ ಮತ್ತೆ ಲೆವೆಲ್ ಮಾಡಿ.

ಜೀರೋ ಮಾಡುವ, ಅಂದರೆ ಸುತ್ತಲಿನ ಗಾಳಿಯ ಒತ್ತಡವನ್ನೇ 0 ಎಂದು ಗುರುತಿಸುವ, ಕ್ರಮ ಸರಳ. ಥ್ರೀ-ವೇಯನ್ನು ಮಗುವಿನ ಕಡೆಗೆ ಮುಚ್ಚಿ, ಗಾಳಿಗೆ ತೆರೆಯಿರಿ. ಗೆರೆ ಸಪಾಟಾಗಿ ನಿಂತ ಮೇಲೆ ಜೀರೋ ಒತ್ತಿ, ಪರದೆಯಲ್ಲಿ 0 ಬಂದದ್ದು ನೋಡಿ, ಸ್ಟೆರೈಲ್ ಕ್ಯಾಪ್ ಹಾಕಿ, ಮಗುವಿನ ಕಡೆಗೆ ತೆರೆಯಿರಿ. ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವ ಬೆಂಗಳೂರಿನಲ್ಲಿ ಗಾಳಿಯ ಒತ್ತಡ ಸುಮಾರು 680–690 ಮಿ.ಮೀ., ಸಮುದ್ರದಂಡೆಯಲ್ಲಿ 760. ಆದರೂ ಎರಡೂ ಕಡೆ ಐಸಿಪಿ ಒಂದೇ ರೀತಿ ಓದಬಹುದು, ಏಕೆಂದರೆ ನಾವು ಅಳೆಯುವುದು ಸುತ್ತಲಿನ ಗಾಳಿಗಿಂತ ಎಷ್ಟು ಹೆಚ್ಚು ಎಂಬುದನ್ನು.

ಇಡೀ ಟಿಪ್ಪಣಿಯಲ್ಲಿ ಒಂದೇ ವಾಕ್ಯ ನೆನಪಿಟ್ಟುಕೊಳ್ಳುವುದಾದರೆ ಇದು: ಇವಿಡಿ ಟ್ರಾನ್ಸ್‌ಡ್ಯೂಸರ್‌ಗೆ ಪ್ರೆಶರ್ ಬ್ಯಾಗ್ ಎಂದೂ ಜೋಡಿಸಬಾರದು. ರಕ್ತದೊತ್ತಡ ಅಳೆಯಲು ಅಪಧಮನಿಗೆ ಹಾಕುವ ಆರ್ಟೀರಿಯಲ್ ಲೈನಿನ ಸೆಟ್ಟು ನೋಡಲು ಹೆಚ್ಚುಕಡಿಮೆ ಹಾಗೇ ಇರುತ್ತದೆ, ಆದರೆ ಅದು 300 ಮಿ.ಮೀ. ಒತ್ತಡದಲ್ಲಿ ಗಂಟೆಗೆ ಸುಮಾರು 3 ಮಿ.ಲೀ. ಒಳಗೆ ಹರಿಸುತ್ತದೆ. ಆ ದ್ರವ ನೇರ ವೆಂಟ್ರಿಕಲ್‌ಗೆ ಹೋಗುತ್ತದೆ. ಇವಿಡಿಗೆ ಫ್ಲಶ್ ಇಲ್ಲದ ಸೆಟ್ಟು, ತುಂಬಿಸಲು ಪ್ರಿಸರ್ವೇಟಿವ್ ಇಲ್ಲದ ಸಲೈನ್. ಹೆಪಾರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಿ) ಬೇಡ. ಎರಡೂ ಲೈನಿಗೆ ಬೇರೆ ಬಣ್ಣದ ಲೇಬಲ್ ಅಂಟಿಸಿ.

ಎಷ್ಟು ಒತ್ತಡಕ್ಕೆ ಸಿಎಸ್‌ಎಫ್ ಹೊರಬರಬೇಕೆಂದು ನಿರ್ಧರಿಸುವ ಚೇಂಬರ್ ಎತ್ತರದಲ್ಲೂ ಎಡವಟ್ಟಾಗುತ್ತದೆ. ಹಲವು ಸ್ಕೇಲುಗಳಲ್ಲಿ ಒಂದು ಬದಿ ಸೆಂ.ಮೀ. ನೀರು, ಇನ್ನೊಂದು ಬದಿ ಮಿ.ಮೀ. ಪಾದರಸ. ಬರೀ ‘15ಕ್ಕೆ ಇಡಿ’ ಎಂದು ಆರ್ಡರ್ ಇದ್ದರೆ ಯಾವ 15 ಎಂದು ಕೇಳಲೇಬೇಕು: 15 ಸೆಂ.ಮೀ. ನೀರೆಂದರೆ 11 ಮಿ.ಮೀ. ಪಾದರಸ. ಡ್ರೈನ್ ತೆರೆದಿರುವಾಗ ಬರುವ ಅಂಕಿಯನ್ನು ಐಸಿಪಿ ಎಂದು ಬರೆಯಬೇಡಿ. ಡ್ರೈನ್ ಮುಚ್ಚಿ, ಅಲೆ ಸ್ಥಿರವಾಗುವವರೆಗೆ ಕಾದು, ಮಗು ಅಳದಿರುವಾಗ ಓದಿ. ಓದಿದ ಮೇಲೆ ಡ್ರೈನ್ ಮತ್ತೆ ತೆರೆಯಲು ಮರೆಯಬೇಡಿ.

ತಾಯಿ ಮಗುವನ್ನು ತೊಡೆಗೆ ಎತ್ತಿಕೊಂಡರೆ ತಲೆ ಚೇಂಬರಿಗಿಂತ ಮೇಲೇರಿ ಸಿಎಸ್‌ಎಫ್ ಸರ್ರನೆ ಇಳಿದುಹೋಗುತ್ತದೆ. ಮಗುವಿನಲ್ಲಿ ಇರುವುದೇ ಕಡಿಮೆ ದ್ರವ; ವೆಂಟ್ರಿಕಲ್ ಕುಸಿದು ರಕ್ತಸ್ರಾವವೂ ಆಗಬಹುದು. ‘ಅಮ್ಮಾ, ಮಗೂನ ಎತ್ಕೊಳ್ಳೋ ಮುಂಚೆ ನಮ್ಮನ್ನ ಕರೀರಿ, ಪೈಪ್ ಮುಚ್ಚಿ ಕೊಡ್ತೀವಿ’ ಎಂದು ಮೊದಲ ದಿನವೇ ಹೇಳಿ. ನಮ್ಮೂರಿನ ವಾರ್ಡುಗಳಿಗೆ ಗಡಿಯಾಚೆಯಿಂದಲೂ ಜನ ಬರುವುದರಿಂದ ಅದನ್ನೇ ತೆಲುಗು, ತಮಿಳು, ಹಿಂದಿಯಲ್ಲೂ ಬರೆದು ಮಂಚಕ್ಕೆ ಅಂಟಿಸಿದರೆ ಒಳ್ಳೆಯದು. ಸಿಟಿ ಸ್ಕ್ಯಾನಿಗೆ ಸಾಗಿಸುವಾಗ ಕ್ಲ್ಯಾಂಪ್ ಮಾಡಿ, ಚೇಂಬರನ್ನು ನೆಟ್ಟಗೇ ಹಿಡಿಯಿರಿ. ಅಡ್ಡ ಮಲಗಿಸಿದರೆ ಗಾಳಿ ಫಿಲ್ಟರ್ ಒದ್ದೆಯಾಗಿ ಆಮೇಲೆ ಡ್ರೈನೇಜ್ ನಿಲ್ಲುತ್ತದೆ. ತಲುಪಿದ ಕೂಡಲೇ ಕ್ಲ್ಯಾಂಪ್ ಬಿಚ್ಚುವ ವಿಷಯ ವೈದ್ಯರಿಂದ ಖಚಿತಪಡಿಸಿಕೊಳ್ಳಿ.

ಅಲೆ

ಪ್ರತಿ ನಾಡಿಬಡಿತಕ್ಕೂ ಮೂರು ಗೋಪುರ: ಪಿ1, ಪಿ2, ಪಿ3. ಸಾಮಾನ್ಯವಾಗಿ ಪಿ1 ಎತ್ತರ, ಉಳಿದೆರಡು ಮೆಟ್ಟಿಲಿಳಿದಂತೆ. ಪಿ2 ಪಿ1ನ್ನು ಮೀರಿದರೆ ಒಳಗೆ ಹೊಂದಿಕೊಳ್ಳುವ ಜಾಗ ಮುಗಿಯುತ್ತಿದೆ ಎಂದರ್ಥ. ಅಂಕಿ 16 ಇದ್ದರೂ ತಿಳಿಸಿ. ಅಲೆಯೇ ಚಪ್ಪಟೆಯಾದರೆ ಮೊದಲು ಮಗುವನ್ನು ನೋಡಿ, ಪಾಪೆ ನೋಡಿ. ಆಮೇಲೆ ಥ್ರೀ-ವೇ ದಿಕ್ಕು, ಗಾಳಿಗುಳ್ಳೆ, ಸಡಿಲ ಜೋಡಣೆ, ಮಡಚಿದ ಪೈಪು, ರಕ್ತದ ಹೆಪ್ಪು. ಹೆಪ್ಪೆಂದು ಅನಿಸಿದರೆ ನೀವಾಗಿ ಫ್ಲಶ್ ಮಾಡಬೇಡಿ, ನ್ಯೂರೋಸರ್ಜರಿಯವರನ್ನು ಕರೆಯಿರಿ.

ಮೆದುಳಿನೊಳಗಿಡುವ ಸೆನ್ಸರ್

ಕ್ಯಾಮಿನೋ ಫೈಬರ್ ಆಪ್ಟಿಕ್, ಕಾಡ್‌ಮನ್ ಸ್ಟ್ರೇನ್ ಗೇಜ್ ಈ ಬಗೆಯವು. ವೆಂಟ್ರಿಕಲ್ ಕಿರಿದಾಗಿ ಇವಿಡಿ ಸಿಗದಿದ್ದಾಗ ಅನುಕೂಲ. ತುದಿಯಲ್ಲೇ ಅಳೆಯುವುದರಿಂದ ಟ್ರೇಗಸ್ ಲೆವೆಲ್ ಗೋಜಿಲ್ಲ. ಆದರೆ ಸಿಎಸ್‌ಎಫ್ ಹೊರಬಿಡಲಾಗದು, ಮತ್ತು ಇಂಥ ಸೆನ್ಸರನ್ನು ಜೀರೋ ಮಾಡುವುದು ಒಳಗಿಡುವ ಮೊದಲು ಮಾತ್ರ. ದಿನ ಕಳೆದಂತೆ ರೀಡಿಂಗ್ ಸರಿದರೆ ಒಳಗಿದ್ದಂತೆ ಸರಿಪಡಿಸಲಾಗದು. ಕಾಡ್‌ಮನ್‌ನಲ್ಲಿ ತುದಿಯನ್ನು ಸ್ಟೆರೈಲ್ ನೀರಿನ ತೆಳು ಪದರದಲ್ಲಿ ಅಡ್ಡ ಇಟ್ಟು ಜೀರೋ ಮಾಡಿದಾಗ ಒಂದು ರೆಫರೆನ್ಸ್ ನಂಬರ್ ಬರುತ್ತದೆ. ಅದನ್ನು ಕೇಸ್ ಶೀಟಿನಲ್ಲೂ ಬರೆಯಿರಿ: ಇನ್ನೊಂದು ಮಾನಿಟರ್ ಬಾಕ್ಸಿಗೆ ಜೋಡಿಸುವಾಗ ಅದೇ ನಂಬರ್ ಬೇಕು. ಫೈಬರ್ ಆಪ್ಟಿಕ್ ಕೇಬಲ್ ಮಡಚಿದರೆ ಮುರಿಯುತ್ತದೆ. ಎಳೆಗೂಸಿನ ಬುರುಡೆ ತೆಳುವಾದ್ದರಿಂದ ಸೆನ್ಸರನ್ನು ಹಿಡಿದಿಡುವ ಬೋಲ್ಟ್ ಗಟ್ಟಿಯಾಗಿ ಕೂರುವುದು ಕಷ್ಟ, ಹಾಗಾಗಿ ಚರ್ಮದಡಿ ಸುರಂಗ ಮಾಡಿ ಹೊಲಿಗೆ ಹಾಕುತ್ತಾರೆ. ಆ ಹೊಲಿಗೆ ಪ್ರತಿ ಶಿಫ್ಟಿಗೂ ನೋಡಿ. ಎಂಆರ್‌ಐಗೆ ಕಳಿಸುವ ಮುನ್ನ ಆ ಮಾಡೆಲ್‌ಗೆ ಅನುಮತಿ ಇದೆಯೇ ಎಂದು ತಯಾರಕರ ಸೂಚನೆಯಲ್ಲೇ ಓದಿ, ಏಕೆಂದರೆ ಕೆಲವು ಒಳಗೊಯ್ಯಲೇಬಾರದವು, ಕೆಲವಕ್ಕೆ ವೈರನ್ನು ಹೇಗೆ ಸುತ್ತಿಡಬೇಕೆಂಬ ಷರತ್ತಿದೆ.