ಜೂಡೋದಲ್ಲಿ ಮೊದಲು ಬೀಳೋದನ್ನೇ ಏಕೆ ಕಲಿಸುತ್ತೇವೆ?

“ಸರ್, ಸೇರಿ ಒಂದು ತಿಂಗಳಾಯ್ತು. ಇನ್ನೂ ಬೀಳೋದನ್ನೇ ಹೇಳಿಕೊಡ್ತಿದ್ದೀರಲ್ಲ, ಎಸೆಯೋದು ಯಾವಾಗ?” ಮಕ್ಕಳನ್ನು ಜೂಡೋ ಕ್ಲಾಸಿಗೆ ಕರೆತರುವ ಅಪ್ಪ ಅಮ್ಮಂದಿರು ನನ್ನನ್ನು ಹೆಚ್ಚಾಗಿ ಕೇಳುವ ಪ್ರಶ್ನೆ ಇದು. ಮಗು ಗಟ್ಟಿಯಾಗಲಿ, ಧೈರ್ಯ ಬರಲಿ ಅಂತ ತಾನೇ ಅವರು ಕಳಿಸಿರುವುದು? ಆ ಕೆಲಸ ಶುರುವಾಗುವುದೇ ಬೀಳುವುದರಿಂದ.

ಜಪಾನಿನವರು ಇದನ್ನು ಉಕೆಮಿ ಅನ್ನುತ್ತಾರೆ. ಯಾರೇ ಆಗಲಿ, ಬೀಳುವಾಗ ತಮಗೆ ಗೊತ್ತಿಲ್ಲದೆಯೇ ಕೈ ಊರುತ್ತಾರೆ, ಉಸಿರು ಬಿಗಿಹಿಡಿಯುತ್ತಾರೆ. ಕೈ ಊರಿದರೆ ಮೈಭಾರವೆಲ್ಲ ಅಂಗೈ ಮೇಲೆ ಬರುತ್ತದೆ. ಮಣಿಕಟ್ಟು ಮುರಿಯುವುದು, ಮೊಣಕೈ ಕೀಲು ತಪ್ಪುವುದು, ಕಾಲರ್ ಬೋನ್ ಬಿರುಕು ಬಿಡುವುದು ಹೀಗೇ. ಹಿಂದಕ್ಕೆ ಬಿದ್ದರೆ ತಲೆಯ ಹಿಂಭಾಗ ನೆಲಕ್ಕೆ ಬಡಿಯುತ್ತದೆ. ಅದಕ್ಕೇ ಮಕ್ಕಳಿಗೆ ನಾನು ಮೊದಲು ಹೇಳುವುದು, “ಬೀಳುವಾಗ ನಿನ್ನ ಬೆಲ್ಟಿನ ಗಂಟು ನೋಡು” ಅಂತ. ಗಂಟು ನೋಡಬೇಕಾದರೆ ಗದ್ದ ಎದೆಗೆ ಬರಲೇಬೇಕು, ತಲೆ ಎತ್ತಿಕೊಳ್ಳಲೇಬೇಕು. ಬೆನ್ನು ಬಾಗಿರಬೇಕು. ಮೈ ಮ್ಯಾಟಿಗೆ ತಾಗುವ ಹೊತ್ತಿಗೆ ಸರಿಯಾಗಿ ಕೈಯನ್ನು ಮೈಯಿಂದ ಸ್ವಲ್ಪ ಓರೆಯಾಗಿ ಚಾಚಿ ಅಂಗೈಯಿಂದ ಮೊಣಕೈವರೆಗೂ ಒಟ್ಟಿಗೆ ಬಡಿಯಬೇಕು, ಉಸಿರು ಹೊರಗೆ ಬಿಡಬೇಕು. ಆಗ ಪೆಟ್ಟು ಒಂದೇ ಕಡೆ ಕೂರದೆ ಅಗಲವಾಗಿ ಹಂಚಿಹೋಗುತ್ತದೆ.

ಮೊದಲು ಮಲಗಿಕೊಂಡೇ ಕೈ ಬಡಿಯುವುದು. ಆಮೇಲೆ ಕೂತು, ಕುಕ್ಕರುಗಾಲಲ್ಲಿ ಕೂತು, ನಿಂತು. ಹಿಂದಕ್ಕೆ, ಪಕ್ಕಕ್ಕೆ, ಮುಂದಕ್ಕೆ, ಕೊನೆಗೆ ಭುಜದ ಮೇಲೆ ಉರುಳುವುದು. ನೋಡುವವರಿಗೆ ಬೇಜಾರು ಬರುತ್ತದೆ, ಒಪ್ಪುತ್ತೇನೆ. ಆದರೆ ಇಲ್ಲಿ ಅವಸರ ಮಾಡಿದರೆ ಏನಾಗುತ್ತದೆ ಅನ್ನುವುದಕ್ಕೆ ಜಪಾನೇ ಸಾಕ್ಷಿ. ಅಲ್ಲಿನ ಶಾಲೆಗಳಲ್ಲಿ 1983ರಿಂದ ಸುಮಾರು ಮೂರು ದಶಕದಲ್ಲಿ ಜೂಡೋ ಅಭ್ಯಾಸದ ವೇಳೆ ನೂರಕ್ಕೂ ಹೆಚ್ಚು ಮಕ್ಕಳು ತೀರಿಕೊಂಡರು. ತುಂಬಾ ಸಾವುಗಳಿಗೆ ಕಾರಣ ತಲೆಗೆ ಬಿದ್ದ ಪೆಟ್ಟು. ಹೊಸದಾಗಿ ಸೇರಿದವರೇ ಹೆಚ್ಚು ಬಲಿಯಾದರು. ಎದುರಾಳಿಯ ಕಾಲನ್ನು ಹಿಂದಿನಿಂದ ಕೊಯ್ದು ಬೆನ್ನಿನ ಮೇಲೆ ಕೆಡವುವ ಓಸೊತೊಗಾರಿ ಪಟ್ಟಿನ ಹೆಸರು ಈ ಚರ್ಚೆಯಲ್ಲಿ ಮತ್ತೆ ಮತ್ತೆ ಬರುತ್ತದೆ. 2012ರಲ್ಲಿ ಅಲ್ಲಿನ ಮಾಧ್ಯಮಿಕ ಶಾಲೆಗಳಲ್ಲಿ ಸಮರಕಲೆ ಕಡ್ಡಾಯವಾದಾಗ ಪೋಷಕರು ಇದನ್ನೇ ಮುಂದಿಟ್ಟು ಗಟ್ಟಿಯಾಗಿ ಪ್ರಶ್ನೆ ಕೇಳಿದರು. ಕೇಳಬೇಕಾದ್ದೇ.

ತಲೆ ನೇರವಾಗಿ ನೆಲಕ್ಕೆ ಬಡಿಯಲೇಬೇಕು ಅಂತಲೂ ಇಲ್ಲ. ಕತ್ತು ಜೋರಾಗಿ ಕುಲುಕಿದರೆ ಸಾಕು, ಬುರುಡೆಯೊಳಗೆ ಮಿದುಳು ತಿರುಗಿ ಅದರ ಮೇಲ್ಪದರದ ರಕ್ತನಾಳ ಹರಿಯಬಹುದು. ಹಾಗಾಗಿ ಅಭ್ಯಾಸದ ನಂತರ ಮಗು ತಲೆನೋವು, ವಾಂತಿ, ಮಂಪರು ಅಂದರೆ ಸುಮ್ನೆ ಮಲಗಿಸಬೇಡಿ, ಆಸ್ಪತ್ರೆಗೆ ಕರೆದೊಯ್ಯಿರಿ. ಡಾಕ್ಟರು ಸರಿ ಅನ್ನುವವರೆಗೆ ಮ್ಯಾಟಿಗೆ ಕಳಿಸಬೇಡಿ. ಟೂರ್ನಮೆಂಟ್ ಮುಂದಿನ ವಾರವೇ ಇದ್ದರೂ ಅಷ್ಟೇ.

ಇಷ್ಟು ಹೊತ್ತು ಮೈಯ ಮಾತಾಯಿತು. ನನಗೆ ಇದಕ್ಕಿಂತ ಮುಖ್ಯ ಅನ್ನಿಸುವುದು ಮನಸ್ಸಿನ ಮಾತು.

ಜೂಡೋದಲ್ಲಿ ಎದುರಾಳಿಯನ್ನು ರಭಸದಿಂದ, ಹಿಡಿತ ತಪ್ಪದೆ, ಬೆನ್ನಿನ ಮೇಲೆ ಕೆಡವಿದರೆ ಇಪ್ಪೋನ್. ಅಲ್ಲಿಗೆ ಆಟ ಮುಗಿಯಿತು. ಸೋಲಬಾರದು ಅನ್ನುವ ಹಟದಲ್ಲಿ ಮಕ್ಕಳು ಗಾಳಿಯಲ್ಲಿದ್ದಾಗಲೇ ಮೈ ತಿರುಚುತ್ತಾರೆ, ಕೈ ಊರುತ್ತಾರೆ, ಕೆಲವರು ತಲೆಯನ್ನೇ ಊರಿಬಿಡುತ್ತಾರೆ. ಪಟ್ಟು ಪೂರ್ತಿ ಹತ್ತಿದ ಮೇಲೆ ಅದನ್ನು ಒಪ್ಪಿಕೊಂಡು ಚೆನ್ನಾಗಿ ಬೀಳಬೇಕು. ಹೇಳುವುದು ಸುಲಭ, ಅಲ್ವಾ? ಹತ್ತು ವರ್ಷದ ಹುಡುಗಿಗೆ, ಅದೂ ಗೆಳತಿಯರೆಲ್ಲ ನೋಡುತ್ತಿರುವಾಗ, ಅದು ತುಂಬಾ ಕಷ್ಟ. ಆದರೆ ಒಂದೇ ಸಂಜೆಯಲ್ಲಿ ಹಲವು ಸಲ ಬಿದ್ದು, ಎದ್ದು, ಗೀ (ಜೂಡೋ ಉಡುಪು) ಸರಿಮಾಡಿಕೊಂಡು, ಮತ್ತೆ ಅದೇ ಜೊತೆಗಾರ್ತಿಯ ತೋಳು ಹಿಡಿಯುತ್ತಾ ಹೋದರೆ ಅವಳಲ್ಲಿ ಬದಲಾವಣೆ ಕಾಣುತ್ತದೆ. ಬಿಗಿಹಿಡಿದ ಉಸಿರು ಸಡಿಲವಾಗುತ್ತದೆ. ಕಣ್ಣು ಮುಚ್ಚಿಕೊಳ್ಳುವುದು ನಿಲ್ಲುತ್ತದೆ. ಬೀಳುವ ಹೆದರಿಕೆ ಕಡಿಮೆಯಾದ ಮೇಲೆಯೇ ಎಸೆಯುವ ಪಟ್ಟೂ ಚೆನ್ನಾಗಿ ಬರುತ್ತದೆ, ಏಕೆಂದರೆ ಆಗ ಸೊಂಟ ಹಿಂದಕ್ಕೆಳೆದು ಬಗ್ಗಿ ನಿಲ್ಲುವ ಅಭ್ಯಾಸ ಹೋಗಿರುತ್ತದೆ. ಧೈರ್ಯದ ಬಗ್ಗೆ ಭಾಷಣ ಮಾಡಿ ಇದನ್ನು ತರಲಾಗುವುದಿಲ್ಲ.

ಎಸೆಯುವವರಿಗೂ ಇದರಲ್ಲಿ ದೊಡ್ಡ ಪಾಲಿದೆ. ಎಸೆದವರು ಕೊನೆಯವರೆಗೂ ಬೀಳುವವರ ತೋಳನ್ನು ಬಿಡದೆ ಮೇಲಕ್ಕೆ ಎಳೆದು ಹಿಡಿದಿರಬೇಕು. ಹಾಗೆ ಹಿಡಿದರೆ ಬಿದ್ದವರ ತಲೆ, ಭುಜ ಉಳಿಯುತ್ತದೆ. ಬಿಟ್ಟರೆ ಆ ಆಸರೆ ಅವರಿಗೆ ಇರುವುದಿಲ್ಲ. ಜೂಡೋ ಕಟ್ಟಿದ ಜಿಗೊರೊ ಕಾನೊ ಪೈಲ್ವಾನರಂತೆ ದೈತ್ಯರಲ್ಲ. ಸಣ್ಣ ಮೈಕಟ್ಟಿನವರು, ಚಿಕ್ಕವರಿದ್ದಾಗ ದೊಡ್ಡ ಹುಡುಗರ ಕಾಟ ತಿಂದವರು. 1882ರಲ್ಲಿ ಟೋಕಿಯೋದ ಒಂದು ಬೌದ್ಧ ದೇವಸ್ಥಾನದಲ್ಲಿ 12 ಚಾಪೆಯ ಜಾಗದಲ್ಲಿ ಕೊಡೊಕಾನ್ ಅನ್ನುವ ತಮ್ಮ ಜೂಡೋ ಶಾಲೆ ಶುರುಮಾಡಿದಾಗ ಅವರಿಗೆ 21 ವರ್ಷ. ವೃತ್ತಿಯಿಂದ ಮೇಷ್ಟ್ರು. ತಾನೂ ಬೆಳೆಯಬೇಕು, ಎದುರಿಗಿರುವವರೂ ಬೆಳೆಯಬೇಕು ಅನ್ನುವುದನ್ನು 1922ರಲ್ಲಿ ಅವರು ಜೂಡೋದ ತತ್ವವಾಗಿ ಮುಂದಿಟ್ಟರು. ಗೋಡೆ ಮೇಲೆ ಇದನ್ನು ಬರೆದು ಹಾಕುವ ಕ್ಲಬ್ಬುಗಳಿವೆ. ನಾನು ನೋಡುವುದು ಎಸೆದ ಹುಡುಗ ತೋಳು ಹಿಡಿದುಕೊಂಡಿದ್ದಾನೋ ಇಲ್ಲವೋ ಅನ್ನುವುದನ್ನು. ಹಿಡಿಯದಿದ್ದರೆ ಅವನ ಪಟ್ಟು ಎಷ್ಟೇ ಚೆಂದವಿರಲಿ, ಬೆಲ್ಟ್ ಪರೀಕ್ಷೆಗೆ ಕೂರಿಸುವುದಿಲ್ಲ.

ನಮ್ಮ ಗರಡಿಗಳಲ್ಲಿ ಅಖಾಡದ ಕೆಮ್ಮಣ್ಣನ್ನು ಅಗೆದು ಸಡಿಲ ಮಾಡಿಯೇ ಕುಸ್ತಿಗೆ ಇಳಿಯುತ್ತಾರೆ. ಜೂಡೋ ಕ್ಲಾಸು ಹುಡುಕುವಾಗ ಅದೇ ಎಚ್ಚರ ನಿಮಗಿರಲಿ. ಮ್ಯಾಟ್ ನಾಲ್ಕು ಸೆಂಟಿಮೀಟರ್ ದಪ್ಪವಾದರೂ ಇದೆಯೇ, ನಡುವೆ ಸಂದು ಬಿಟ್ಟಿದೆಯೇ, ಗೋಡೆ ಕಂಬ ಎಷ್ಟು ಹತ್ತಿರ, ನೋಡಿ. ಮೊದಲ ವಾರವೇ ಎಸೆತ ಹೇಳಿಕೊಡುತ್ತೇವೆ ಅಂದರೆ ಬೇರೆ ಕಡೆ ಹೋಗಿ.

ಇನ್ನೊಂದು ಮಾತು ಅಜ್ಜ ಅಜ್ಜಿಯರಿಗೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ 6,84,000 ಜನ ಬಿದ್ದು ಸಾಯುತ್ತಾರೆ, ಅವರಲ್ಲಿ ವಯಸ್ಸಾದವರೇ ಜಾಸ್ತಿ. ಸ್ವೀಡನ್ನಿನಲ್ಲಿ ಹಿರಿಯರಿಗೆ ಜೂಡೋ ಆಧಾರದಲ್ಲಿ ಸಮತೋಲ ಮತ್ತು ಬೀಳುವ ಅಭ್ಯಾಸ ಹೇಳಿಕೊಡುತ್ತಾರೆ. ಮೊಮ್ಮಕ್ಕಳನ್ನು ಕ್ಲಾಸಿಗೆ ಬಿಡಲು ಬರುವ ಹಿರಿಯರಿಗೆ ನಾನೂ ಚೂರು ಹೇಳಿಕೊಡುತ್ತೇನೆ. ಅವರನ್ನು ಬೀಳಿಸುವುದಂತೂ ಇಲ್ಲ. ಮ್ಯಾಟಿನ ಮೇಲೆ ಮಲಗಿ ಗದ್ದ ಎದೆಗೊತ್ತುವುದು, ಪಕ್ಕಕ್ಕೆ ಹೊರಳಿ ಕೈ ಆಸರೆಯಿಂದ ಮೇಲೆದ್ದು ಕೂರುವುದು, ಅಷ್ಟೇ. ಮೂಳೆ ಸವೆದಿರುವವರು, ಸೊಂಟದ ಆಪರೇಷನ್ ಆದವರು, ತಲೆಸುತ್ತು ಬರುವವರು ಡಾಕ್ಟರನ್ನು ಕೇಳಿಯೇ ಬನ್ನಿ.